ಇಳಿಜಾರು ನೆಲದಲ್ಲಿ ಮನೆ ಕಟ್ಟುವ ರೈತರು ಮೊದಲೇ ಎಣಿಸತಕ್ಕ ಖರ್ಚುಗಳು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯು ನಮ್ಮ ಹಿರಿಯರ ಅನುಭವದಿಂದ ಹುಟ್ಟಿದುದು. ಈ ಎರಡು ಕಾರ್ಯಗಳಲ್ಲಿಯೂ ಮೊದಲು ಎಣಿಸಿದ ಖರ್ಚು ಕೊನೆಯವರೆಗೆ ನಿಲ್ಲುವುದಿಲ್ಲವೆಂಬುದೇ ಅದರ ತಾತ್ಪರ್ಯ. ಸಮನೆಲದಲ್ಲಿ ಕಟ್ಟುವ ಮನೆಗೇ ಈ ಮಾತು ಸಲ್ಲುವುದಾದರೆ, ಇಳಿಜಾರಿನಲ್ಲಿ ಕಟ್ಟುವ ಮನೆಗೆ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಅರಸೀಕೆರೆ, ಬೇಲೂರು, ಹಳೇಬೀಡು ಪ್ರಾಂತಗಳ ನೆಲವು ಬಹುಮಟ್ಟಿಗೆ ಏರುತಗ್ಗಿನದು. ಅರಸೀಕೆರೆಯ ಕಡೆ ಕಲ್ಲುಗುಡ್ಡಗಳೂ ಅವುಗಳ ತಪ್ಪಲಿನಲ್ಲಿ ರಾಗಿಯ ಹೊಲ ಮತ್ತು ತೆಂಗಿನ ತೋಟಗಳೂ ಇವೆ. ಹಳೇಬೀಡಿನಿಂದ ಬೇಲೂರನ್ನು ದಾಟಿ ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಹೆಚ್ಚುತ್ತ, ದಿಣ್ಣೆಗಳು ಕಡಿದಾಗುತ್ತ, ಕಾಫಿಯ ತೋಟಗಳು ತೊಡಗುತ್ತವೆ. ಇಂತಹ ಸೀಮೆಯಲ್ಲಿ ಸಮವಾದ ಒಳ್ಳೆಯ ನೆಲವನ್ನು ಬೆಳೆಗೆ ಬಿಟ್ಟು, ದಿಣ್ಣೆಯ ಓರೆಯಲ್ಲಿ ಮನೆ ಕಟ್ಟಿಕೊಳ್ಳುವ ರೈತನು ವಿವೇಕವನ್ನೇ ತೋರಿಸುತ್ತಾನೆ. ಆದರೆ ಅವನು ಹಾಕುವ ಅಂದಾಜು ಪಟ್ಟಿ ಮಾತ್ರ ಸಮನೆಲದ ಮನೆಯದಾಗಿರುತ್ತದೆ. ಇದರ ಪರಿಣಾಮವನ್ನು ಹಳ್ಳಿಹಳ್ಳಿಯಲ್ಲಿಯೂ ಕಾಣಬಹುದು. ಗೋಡೆಗಳು ಕಿಟಕಿಯ ಎತ್ತರಕ್ಕೆ ಬಂದು ನಿಂತಿರುತ್ತವೆ. ಕಬ್ಬಿಣದ ಸರಳುಗಳು ಮಳೆಯಲ್ಲಿ ತುಕ್ಕು ಹಿಡಿಯುತ್ತಿರುತ್ತವೆ. ಉಳಿದ ಸಿಮೆಂಟು ಮೂಟೆಯಲ್ಲಿಯೇ ಗಟ್ಟಿಯಾಗಿರುತ್ತದೆ. ಕೆಲಸವನ್ನು ಮುಗಿಸಲು ಮನೆಯ ಯಜಮಾನನು ಮೊದಲು ಕರಾವಿನ ದನಗಳನ್ನೂ, ಆಮೇಲೆ ಒಡವೆಯನ್ನೂ, ಕಡೆಗೆ ತೋಟವನ್ನೂ ಸಾಲಕ್ಕೆ ಒಡ್ಡುತ್ತಾನೆ. ವಾಸಕ್ಕೆ ಬೇಕಾದ ಮನೆಯು ಜೀವನಕ್ಕೆ ಆಧಾರವಾದ ಭೂಮಿಯನ್ನೇ ನುಂಗುವಂತಾಗಬಾರದು. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಪ್ರಸ್ತಾಪಿಸಲಾಗಿದೆ.

ಖರ್ಚು ಹೆಚ್ಚುವ ಸ್ಥಳ

ಇಳಿಜಾರಿನ ಮನೆಯಲ್ಲಿ ತಗಲುವ ಹೆಚ್ಚಿನ ಖರ್ಚನ್ನು ಜನರು “ಅಕಸ್ಮಾತ್ ಖರ್ಚು” ಎಂದು ಕರೆಯುವುದುಂಟು. ವಿಚಾರ ಮಾಡಿ ನೋಡಿದರೆ ಅದರಲ್ಲಿ ಅಕಸ್ಮಾತ್ತಾದುದು ಬಹಳ ಸ್ವಲ್ಪ. ಗೋಡೆ, ಚಾವಣಿ, ಬಾಗಿಲು, ಕಿಟಕಿ, ಗಾರೆ ಇವುಗಳಿಗೆ ಸಮನೆಲದಲ್ಲಿ ಎಷ್ಟು ಹಣ ಬೇಕೋ ಇಳಿಜಾರಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ ಬೇಕು. ಹೆಚ್ಚುವುದೆಲ್ಲ ನೆಲಗಟ್ಟಿನಿಂದ ಕೆಳಗೆ: ಮಣ್ಣು ಅಗೆಯುವುದು, ಮಣ್ಣು ತುಂಬುವುದು, ಬಂಡೆ ಒಡೆಯುವುದು, ಪಾಯ ಮತ್ತು ತಡೆಗೋಡೆಗಳನ್ನು ಕಟ್ಟುವುದು, ನೀರಿಗೆ ದಾರಿ ಮಾಡುವುದು. ಈ ಕೆಲಸಗಳು ಮುಗಿದ ಮೇಲೆ ಕಣ್ಣಿಗೆ ಬೀಳುವುದಿಲ್ಲವಾದುದರಿಂದ ನೆರೆಯವರ ಮನೆಯನ್ನು ನೋಡಿ ಅಂದಾಜು ಮಾಡುವವರ ಲೆಕ್ಕಕ್ಕೆ ಅವು ಸೇರುವುದೇ ಇಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಕೆಲಸ ಪ್ರಾರಂಭಿಸುವುದಕ್ಕೆ ಮುಂಚೆಯೇ ಅಳೆದು ತಿಳಿಯಬಹುದು. ಅಳೆಯಲಾಗದೆ ಉಳಿದುದಕ್ಕೆ ಮಾತ್ರ ಮೀಸಲು ಹಣವನ್ನು ಇಡಬೇಕು.

ಇಳಿಜಾರನ್ನು ಅಳೆಯುವ ಕ್ರಮ

ಕಣ್ಣಳತೆಯನ್ನು ನಂಬತಕ್ಕದ್ದಲ್ಲ. ಸುಮಾರು 50 ಅಡಿ ಉದ್ದದ ಪಾರದರ್ಶಕವಾದ ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಗಾಳಿಗುಳ್ಳೆಗಳಿಲ್ಲದಂತೆ ನೀರು ತುಂಬಿ, ಅದರ ಒಂದು ತುದಿಯನ್ನು ನಿವೇಶನದ ಮೇಲಿನ ಅಂಚಿನಲ್ಲಿಯೂ ಇನ್ನೊಂದನ್ನು ಕೆಳಗಿನ ಅಂಚಿನಲ್ಲಿಯೂ ಇಬ್ಬರು ನೆಟ್ಟಗೆ ಹಿಡಿಯಬೇಕು. ಎರಡು ತುದಿಗಳಲ್ಲಿಯೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೆಲದಿಂದ ನೀರಿನ ಮಟ್ಟದವರೆಗೆ ಎರಡು ಕಡೆಗಳಲ್ಲಿಯೂ ಅಳೆದು, ಹೆಚ್ಚಿನ ಅಳತೆಯಿಂದ ಕಡಿಮೆಯದನ್ನು ಕಳೆದರೆ ಬರುವುದೇ ನೆಲದ ಇಳಿತ. 30 ಅಡಿಯ ದೂರದಲ್ಲಿ ಇಳಿತವು 3 ಅಡಿಯಾದರೆ ಅದನ್ನು ಹತ್ತಕ್ಕೊಂದರ ಇಳಿಜಾರು ಎನ್ನುತ್ತಾರೆ. ಮೇಸ್ತ್ರಿಯ ಬಳಿ ಈ ಸಾಧನವು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಒಂದು ಬೆಳಗಿನ ಹೊತ್ತಿನಲ್ಲಿ ಮುಗಿಯುವ ಈ ಕೆಲಸದಿಂದ ಮುಂದಿನ ಲೆಕ್ಕಗಳಿಗೆಲ್ಲ ಆಧಾರ ದೊರೆಯುತ್ತದೆ.

ಮನೆಯ ಉದ್ದವನ್ನು ಯಾವ ಕಡೆಗೆ ಇಡಬೇಕು?

ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಬದುಗಳನ್ನು ಸಮಪಾತಳಿಯ ಗೆರೆಯಲ್ಲಿ ಹಾಕಬೇಕು ಎಂಬುದು ರೈತರಿಗೆ ತಿಳಿದ ವಿಷಯ. ಮನೆಗೂ ಇದೇ ನಿಯಮ. ಹತ್ತಕ್ಕೊಂದರ ಇಳಿಜಾರಿನಲ್ಲಿ 12 ಚದರದ, ಎಂದರೆ 1,200 ಚದರಡಿಯ ಮನೆಯನ್ನು ಕಟ್ಟಬೇಕಾಗಿದೆಯೆಂದೂ, ಮೇಲಿನ ಅಂಚಿನ ನೆಲದ ಮಟ್ಟಕ್ಕೆ ಸರಿಯಾಗಿ ನೆಲಗಟ್ಟನ್ನು ಎಬ್ಬಿಸಬೇಕೆಂದೂ ಇಟ್ಟುಕೊಳ್ಳೋಣ. ತುಂಬಬೇಕಾದ ಮಣ್ಣು ಈ ಕೆಳಕಂಡಂತೆ ಆಗುತ್ತದೆ:

40 ಅಡಿಯ ಉದ್ದವು ಇಳಿಜಾರಿನ ದಿಕ್ಕಿಗೇ ಇದ್ದು, ಅಗಲ 30 ಅಡಿಯಾದರೆ: ಇಳಿತ 4 ಅಡಿ, ಮಣ್ಣು 2,400 ಘನ ಅಡಿ.

40 ಅಡಿಯ ಉದ್ದವು ಇಳಿಜಾರಿಗೆ ಅಡ್ಡಲಾಗಿದ್ದರೆ: ಇಳಿತ 3 ಅಡಿ, ಮಣ್ಣು 1,800 ಘನ ಅಡಿ.

60 ಅಡಿ ಉದ್ದ, 20 ಅಡಿ ಅಗಲದ ಮನೆಯನ್ನು ಅಡ್ಡಲಾಗಿ ಇಟ್ಟರೆ: ಇಳಿತ 2 ಅಡಿ, ಮಣ್ಣು 1,200 ಘನ ಅಡಿ.

40 ಅಡಿ ಉದ್ದದ ಮನೆಯನ್ನು ಅಡ್ಡಲಾಗಿ ಇಟ್ಟು, 15 ಅಡಿ ಅಗಲದ ಎರಡು ಮೆಟ್ಟಿಲುಗಳಾಗಿ ಮಾಡಿದರೆ: ಒಂದೊಂದರ ಇಳಿತ ಒಂದೂವರೆ ಅಡಿ, ಒಟ್ಟು ಮಣ್ಣು 900 ಘನ ಅಡಿ.

ವಾಸದ ಸ್ಥಳವು ನಾಲ್ಕು ಬಗೆಗಳಲ್ಲಿಯೂ ಒಂದೇ. ಆದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಮಣ್ಣಿನಲ್ಲಿ 1,500 ಘನ ಅಡಿಯ ವ್ಯತ್ಯಾಸವಿದೆ. ಸಡಿಲವಾದ ಮಣ್ಣು ದಿಮ್ಮಸು ಹೊಡೆದಾಗ ಕುಗ್ಗುವುದರಿಂದ ಲೆಕ್ಕಕ್ಕೆ ಬಂದುದಕ್ಕಿಂತ ಸುಮಾರು ಕಾಲುಭಾಗ ಹೆಚ್ಚಾಗಿ ತರಿಸಬೇಕಾಗುತ್ತದೆ. 1,800 ಘನ ಅಡಿಯ ಗುಂಡಿಗೆ 100 ಘನ ಅಡಿಯ ಲೋಡುಗಳು ಹದಿನೆಂಟು ಸಾಕೆಂದು ಎಣಿಸಿದವನು ಇಪ್ಪತ್ತೆರಡು ಇಪ್ಪತ್ತಮೂರು ಲೋಡುಗಳಿಗೆ ಹಣ ತೆರುತ್ತಾನೆ. ಎರಡು ಮಟ್ಟಗಳ ಮನೆಯು ಒಕ್ಕಲುತನಕ್ಕೂ ಅನುಕೂಲವಾದುದು. ಕೆಳಗಿನ ಮಟ್ಟವನ್ನು ದನದ ಕೊಟ್ಟಿಗೆಗೂ ಸಾಮಾನು ಇಡುವುದಕ್ಕೂ ಮಾಡಿಕೊಂಡರೆ ಗಂಜಲವು ತಾನಾಗಿಯೇ ಹರಿದು ಕೆಳಗಿನ ಗೊಬ್ಬರದ ಗುಂಡಿಯನ್ನು ಸೇರುತ್ತದೆ.

ತುಂಬಿದ ಮಣ್ಣಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯಕ. ಮೇಲ್ಗಡೆ ಕಡಿದ ಮಣ್ಣನ್ನೇ ಕೆಳಗಡೆಗೆ ತಳ್ಳಿ ಸಮಮಾಡಿ, ಆ ಸಡಿಲ ಮಣ್ಣಿನ ಮೇಲೆ ಗೋಡೆಯ ಪಾಯವನ್ನು ಹಾಕುವುದು ಅಗ್ಗವಾಗಿ ತೋರಬಹುದು. ಆದರೆ ಗಟ್ಟಿನೆಲದ ಮೇಲಿನ ಅರ್ಧಮನೆಯು ನಿಂತಲ್ಲೇ ನಿಂತು, ತುಂಬಿದ ಮಣ್ಣಿನ ಮೇಲಿನ ಅರ್ಧವು ಕುಸಿದು, ನಡುವೆ ಗೋಡೆಯು ಸೀಳುತ್ತದೆ. ಪಾಯವನ್ನು ಎಲ್ಲ ಕಡೆಗಳಲ್ಲಿಯೂ ಮೂಲನೆಲದ ಗಟ್ಟಿಮಣ್ಣಿಗೇ ಇಳಿಸತಕ್ಕದ್ದು. ಒಳಗೆ ತುಂಬುವ ಮಣ್ಣನ್ನು 6 ರಿಂದ 9 ಅಂಗುಲದ ಪದರಗಳಾಗಿ ಹರಡಿ, ನೀರು ಹಾಕಿ, ದಿಮ್ಮಸು ಹೊಡೆಯತಕ್ಕದ್ದು.

ನೆಲದೊಳಗಿನ ಪರೀಕ್ಷೆ

ಅರಸೀಕೆರೆಯ ಕಡೆಯ ಕೆಂಪುನೆಲದಲ್ಲಿ ಎರಡಡಿ ಅಗೆಯುವುದರೊಳಗೆ ಗರಸು ಸಿಕ್ಕಿದರೆ ಅದು ಪಾಯಕ್ಕೆ ಉತ್ತಮ. ಆದರೆ ಅಲ್ಲಿಯೇ ಹತ್ತು ಮಾರು ದೂರದಲ್ಲಿ ಹಾಸುಬಂಡೆಯೋ ದೊಡ್ಡ ಗುಂಡುಗಲ್ಲೋ ಸಿಕ್ಕಬಹುದು. ತಗ್ಗಿನ ಕಡೆ ಎರೆಮಣ್ಣಿನ ಪಟ್ಟೆ ಬಂದರೆ ಅದು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುವ ಸ್ವಭಾವವುಳ್ಳದು; ಅದನ್ನು ದಾಟಿ ಪಾಯವನ್ನು ಇಳಿಸಬೇಕಾಗುತ್ತದೆ. ಬೇಲೂರಿನ ಪಶ್ಚಿಮಕ್ಕೆ ಮಣ್ಣು ಆಳವಾಗಿದ್ದು, ಮಳೆಗಾಲದಲ್ಲಿ ದಿಣ್ಣೆಯ ಹೊಟ್ಟೆಯಿಂದ ಒರತೆ ಬರುವುದುಂಟು. ಬೇಸಗೆಯಲ್ಲಿ ಒಣಗಿದ್ದ ಜಾಗವು ಆಷಾಢದಲ್ಲಿ ಕೆಸರಾಗುವುದನ್ನು ಆ ಕಡೆಯ ರೈತರು ಬಲ್ಲರು.

ಆದುದರಿಂದ ನಿವೇಶನದ ನಾಲ್ಕು ಮೂಲೆಗಳಲ್ಲಿಯೂ ನಡುವೆಯೂ ಒಂದೊಂದರಂತೆ, ಪಾಯದ ಆಳಕ್ಕಿಂತ ಒಂದಡಿಯಾದರೂ ಹೆಚ್ಚಾಗಿ, ಐದು ಗುಂಡಿಗಳನ್ನು ತೋಡಿಸಿ ನೋಡಬೇಕು. ಎಷ್ಟನೆಯ ಅಡಿಗೆ ಮಣ್ಣು ಬದಲಾಯಿತು, ಕಲ್ಲು ಎಲ್ಲಿ ಸಿಕ್ಕಿತು, ತೇವವಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಇಬ್ಬರು ಆಳುಗಳ ಎರಡು ದಿನಗಳ ಕೂಲಿ ತಗಲಬಹುದು. ಬಂಡೆಯು ಪಾಯ ತೋಡುವಾಗ ಸಿಕ್ಕಿದರೆ ಒಡೆಯುವ ಯಂತ್ರದ ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ತೆರಬೇಕಾಗುತ್ತದೆ. ಮೊದಲೇ ತಿಳಿದಿದ್ದರೆ ಮನೆಯನ್ನು ಹತ್ತಡಿ ಸರಿಸಿಕೊಳ್ಳಬಹುದು, ಅಥವಾ ಬಂಡೆಯನ್ನೇ ಪಾಯವನ್ನಾಗಿ ಬಳಸಿಕೊಳ್ಳಬಹುದು. ಕಂಟ್ರಾಕ್ಟರಿನೊಡನೆ ಕರಾರು ಮಾಡುವಾಗ ಮಣ್ಣು, ಗರಸು, ಬಂಡೆ ಈ ಮೂರಕ್ಕೂ ಘನ ಅಡಿಗೆ ಬೇರೆ ಬೇರೆ ದರಗಳನ್ನು ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಬಂಡೆ ಸಿಕ್ಕಿದ ಮೇಲೆ ದರ ಮಾತಾಡುವವನಿಗೆ ಚೌಕಾಶಿಗೆ ಅವಕಾಶವಿರುವುದಿಲ್ಲ.

ತಡೆಗೋಡೆ

ಎಲ್ಲಕ್ಕಿಂತ ಹೆಚ್ಚಾಗಿ ಅಂದಾಜನ್ನು ತಪ್ಪಿಸುವುದು ತಡೆಗೋಡೆ. ಮೂರಡಿಯ ಗೋಡೆಗೆ ಇಷ್ಟಾದರೆ ಆರಡಿಯದಕ್ಕೆ ಎರಡರಷ್ಟಾಗಬಹುದೆಂದು ಜನರು ಎಣಿಸುತ್ತಾರೆ. ಇದು ಸರಿಯಲ್ಲ. ಮಣ್ಣು ಗೋಡೆಯನ್ನು ತಳ್ಳುವ ಬಲವು ಎತ್ತರದ ವರ್ಗವನ್ನು ಅನುಸರಿಸಿ ಹೆಚ್ಚುತ್ತದೆ; ಎತ್ತರವು ಇಮ್ಮಡಿಯಾದರೆ ತಳ್ಳುವ ಬಲವು ನಾಲ್ಮಡಿಯಾಗುತ್ತದೆ. ಆದುದರಿಂದ ಕಲ್ಲಿನ ತಡೆಗೋಡೆಯ ಬುಡದ ಅಗಲವು ಎತ್ತರದ ಅರ್ಧಕ್ಕಿಂತ ಕಡಿಮೆಯಿರಬಾರದು. ಈ ಪ್ರಕಾರ ಒಂದೂವರೆ ಅಡಿ ಅಗಲದ ಮೂರಡಿ ಗೋಡೆಗೆ ಪ್ರತಿ ಅಡಿ ಉದ್ದಕ್ಕೆ ನಾಲ್ಕೂವರೆ ಘನ ಅಡಿ ಕಟ್ಟಡವಾದರೆ, ಬುಡದಲ್ಲಿ ಮೂರಡಿ, ತಲೆಯಲ್ಲಿ ಒಂದೂವರೆ ಅಡಿ ಇರುವ ಆರಡಿ ಗೋಡೆಗೆ ಹದಿಮೂರೂವರೆ ಘನ ಅಡಿಯಾಗುತ್ತದೆ. 40 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ ಪಾಯವನ್ನು ಬಿಟ್ಟು ಮೊದಲನೆಯದು 180, ಎರಡನೆಯದು 540 ಘನ ಅಡಿ. ಎತ್ತರ ಎರಡರಷ್ಟು, ಖರ್ಚು ಮೂರರಷ್ಟು. ಒಂದೇ ಎತ್ತರದ ಗೋಡೆಯ ಬದಲು, ನಡುವೆ ಸಾಕಷ್ಟು ಅಗಲವಾದ ನೆಲವನ್ನು ಬಿಟ್ಟು ಎರಡು ಗಿಡ್ಡ ಗೋಡೆಗಳನ್ನು ಕಟ್ಟುವುದು ಲಾಭಕರ. ನಡುವಣ ನೆಲದಲ್ಲಿ ಕರಿಬೇವು, ಹೂ, ತರಕಾರಿಗಳನ್ನು ಬೆಳೆಸಬಹುದು. ಆರಡಿಗಿಂತ ಎತ್ತರವಾದ ತಡೆಗೋಡೆಯನ್ನು ಎಂಜಿನಿಯರ ಲೆಕ್ಕವಿಲ್ಲದೆ ಕಟ್ಟತಕ್ಕದ್ದಲ್ಲ.

ದಿಣ್ಣೆಯನ್ನು ನೆಟ್ಟಗೆ ಕಡಿದು ತಡೆಗೋಡೆಯಿಲ್ಲದೆ ಬಿಡುವುದು ಉಳಿತಾಯವಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಅತಿವೃಷ್ಟಿಯಿಂದ ಗುಡ್ಡಗಳು ಕುಸಿದು ಪ್ರಾಣಗಳೂ ಮನೆಗಳೂ ತೋಟಗಳೂ ನಷ್ಟವಾದುವು. ಮಳೆಯ ಜೊತೆಗೆ, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರುಗಳನ್ನು ಕಡಿದುದೂ ಅದಕ್ಕೆ ಕಾರಣವೆಂದು ಪರಿಶೀಲಿಸಿದ ಭೂವಿಜ್ಞಾನಿಗಳು ಎತ್ತಿ ತೋರಿಸಿದರು. ಬೇಲೂರು ಸೀಮೆಯ ದಿಣ್ಣೆಗಳು ಕೊಡಗಿನಷ್ಟು ಕಡಿದಾದುವಲ್ಲ. ಆದರೂ ನೆನೆದ ಮಣ್ಣು ತನ್ನ ಬುಡದ ಆಧಾರವನ್ನು ಕಳೆದುಕೊಂಡರೆ ಜಾರುವ ರೀತಿ ಎಲ್ಲೆಡೆಯೂ ಒಂದೇ.

ನೀರಿಗೆ ದಾರಿ

ತಡೆಗೋಡೆಗಳನ್ನು ಬೀಳಿಸುವುದು ಬಹುತೇಕ ಮಣ್ಣಲ್ಲ, ಮಣ್ಣಿನೊಳಗೆ ನಿಂತ ನೀರು. ಒಂದು ಎಕರೆಯ ಮೇಲೆ ಒಂದಂಗುಲ ಮಳೆ ಬಿದ್ದರೆ ಅದು 3,630 ಘನ ಅಡಿ, ಎಂದರೆ ಒಂದು ಲಕ್ಷ ಲೀಟರಿಗೂ ಮಿಕ್ಕ ನೀರು. ಮನೆಯ ಮೇಲ್ಗಡೆ ಎರಡು ಎಕರೆ ದಿಣ್ಣೆಯಿದ್ದರೆ ಒಂದೇ ಜಡಿಮಳೆಯಲ್ಲಿ ಎಷ್ಟು ನೀರು ಹಿಂಗೋಡೆಯ ಕಡೆಗೆ ಬರಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಇದಕ್ಕೆ ಮೂರು ಏರ್ಪಾಡುಗಳು ಬೇಕು. ಒಂದನೆಯದಾಗಿ, ಮನೆಯ ಮೇಲ್ಗಡೆ ಹತ್ತು ಹದಿನೈದು ಅಡಿ ದೂರದಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಂದು ಕಾಲುವೆಯನ್ನು ತೋಡಿ, ನೀರನ್ನು ಪಕ್ಕಕ್ಕೆ ತಿರುಗಿಸಿ, ಹುಲ್ಲು ಬೆಳೆದ ಹಳ್ಳಕ್ಕೆ ಅಥವಾ ಕೃಷಿಹೊಂಡಕ್ಕೆ ಬಿಡಬೇಕು. ಎರಡನೆಯದಾಗಿ, ತಡೆಗೋಡೆಯ ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿಯನ್ನು ತುಂಬಿ, ಗೋಡೆಯಲ್ಲಿ ಅಲ್ಲಲ್ಲಿ ನೀರುಗಂಡಿಗಳನ್ನು ಇಡಬೇಕು. ಮೂರನೆಯದಾಗಿ, ಚಾವಣಿಯ ನೀರು ಪಾಯದ ಬುಡಕ್ಕೆ ಬೀಳದಂತೆ ಕೊಳವೆಯಿಂದ ತೊಟ್ಟಿಗೆ ಸೇರಿಸಬೇಕು. ಅರಸೀಕೆರೆಯಂತಹ ನೀರಿನ ಅಭಾವದ ಸೀಮೆಯಲ್ಲಿ ಈ ನೀರು ದನಗಳಿಗಾದರೂ ಒದಗುತ್ತದೆ.

ಈ ಕೆಲಸಗಳನ್ನು “ಮನೆ ಮುಗಿದ ಮೇಲೆ ನೋಡೋಣ” ಎಂದು ಮುಂದಕ್ಕೆ ಹಾಕುವುದೇ ವಾಡಿಕೆ. ಮನೆ ಮುಗಿಯುವಷ್ಟರಲ್ಲಿ ಹಣವೂ ಮುಗಿದಿರುತ್ತದೆ. ಮಳೆಯು ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ಗೋಡೆಯ ಸಂದುಗಳಲ್ಲಿ ಮೊಳೆಯುವ ಆಲ, ಅರಳಿ, ಅತ್ತಿಯ ಸಸಿಗಳನ್ನು ಪ್ರತಿವರ್ಷವೂ ಕಿತ್ತುಹಾಕಬೇಕು. ಹಳೇಬೀಡಿನ ಕೇದಾರೇಶ್ವರ ದೇವಾಲಯದ ಗೋಪುರದಲ್ಲಿ ಬೇರೂರಿದ ಮರವೊಂದು 19ನೆಯ ಶತಮಾನದಲ್ಲಿ ಆ ಭಾಗವನ್ನೇ ಕೆಡವಿತು. ಹೊಯ್ಸಳರ ಶಿಲ್ಪಿಗಳು ಕಟ್ಟಿದ ಕಲ್ಲನ್ನೇ ಸಡಲಿಸಿದ ಬೇರಿಗೆ ನಮ್ಮ ತಡೆಗೋಡೆ ಎಷ್ಟರದು?

ದಾರಿ, ಸಾಗಾಣಿಕೆ ಮತ್ತು ಅಪ್ಪಣೆ

ಲಾರಿಯು ನಿವೇಶನದವರೆಗೆ ಹತ್ತದಿದ್ದರೆ ಇಟ್ಟಿಗೆ, ಮರಳು, ಜಲ್ಲಿಗಳನ್ನು ರಸ್ತೆಯಲ್ಲಿ ಇಳಿಸಿಕೊಂಡು ಎರಡನೆಯ ಸಾರಿ ಸಾಗಿಸಬೇಕು. ಈ ಎರಡನೆಯ ಸಾಗಾಣಿಕೆಯು ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ದಾರಿಯನ್ನು ಮೊದಲು ಮಾಡಿಸಿಕೊಂಡು ಮನೆಯನ್ನು ಆಮೇಲೆ ತೊಡಗುವುದು ಯುಕ್ತ. ವಿದ್ಯುತ್ ಕಂಬಗಳು, ನೀರಿನ ಕೊಳವೆ, ಶೌಚದ ಗುಂಡಿ ಇವುಗಳನ್ನೂ ಪಟ್ಟಿಗೆ ಸೇರಿಸಬೇಕು. ಶೌಚದ ಗುಂಡಿಯು ಬಾವಿಗಿಂತ ಕೆಳಗೂ ದೂರವೂ ಇರಬೇಕು. ಸಾಗುವಳಿಯ ಜಮೀನಿನಲ್ಲಿ ಕಟ್ಟುವುದಾದರೆ ಪರಿವರ್ತನೆಯ ಅಪ್ಪಣೆ ಬೇಕೇ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಈ ಪ್ರಾಂತಕ್ಕೆ ವಿಶೇಷವಾದ ಒಂದು ಅಂಶವುಂಟು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ ಮತ್ತು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇವುಗಳಂತೆ ಕೇಂದ್ರ ಸರಕಾರದ ರಕ್ಷಣೆಗೆ ಒಳಪಟ್ಟ ಸ್ಮಾರಕಗಳ ಸುತ್ತ 100 ಮೀಟರುಗಳವರೆಗೆ ಹೊಸ ಕಟ್ಟಡಗಳಿಗೆ ನಿಷೇಧವಿದೆ. ಅಲ್ಲಿಂದಾಚೆ 200 ಮೀಟರುಗಳವರೆಗೆ ಅನುಮತಿ ಪಡೆದೇ ಕಟ್ಟಬೇಕು. 1958ರ ಕಾನೂನಿಗೆ 2010ರಲ್ಲಿ ಮಾಡಿದ ತಿದ್ದುಪಡಿಯಿಂದ ಈ ನಿಯಮವು ಸ್ಪಷ್ಟವಾಗಿದೆ. ಪಾಯ ತೋಡಿದ ಮೇಲೆ ಕೆಲಸ ನಿಂತರೆ ಆಗುವ ನಷ್ಟವನ್ನು ಯಾವ ಮೀಸಲು ಹಣವೂ ತುಂಬಲಾರದು.

ಮೀಸಲು ಹಣದ ಲೆಕ್ಕ

ಸರಕಾರಿ ಕಾಮಗಾರಿಗಳ ಅಂದಾಜಿನಲ್ಲಿ ಅನಿರೀಕ್ಷಿತ ವೆಚ್ಚಕ್ಕೆಂದು ನೂರಕ್ಕೆ 3 ರಿಂದ 5 ರವರೆಗೆ ಸೇರಿಸುವುದು ವಾಡಿಕೆ. ಇಳಿಜಾರಿನ ಮನೆಗೆ ಇದನ್ನು ಒಟ್ಟು ಮೊತ್ತದ ಮೇಲೆ ಹಾಕಿದರೆ ಸಾಲದು. ಅಪಾಯವಿರುವುದು ನೆಲದಿಂದ ಕೆಳಗಿನ ಕೆಲಸದಲ್ಲಿ. ಮೀಸಲನ್ನೂ ಅದರ ಮೇಲೆಯೇ ಎಣಿಸಬೇಕು. ಗುಂಡಿ ತೋಡಿ ಪರೀಕ್ಷೆ ಮಾಡಿದ ನೆಲವಾದರೆ ಕೆಳಗಿನ ಕೆಲಸದ ಅಂದಾಜಿನ ಮೂರನೆಯ ಒಂದು ಭಾಗವನ್ನೂ, ಪರೀಕ್ಷೆಯಿಲ್ಲದ ನೆಲವಾದರೆ ಅರ್ಧವನ್ನೂ ಮೀಸಲಿಡುವುದು ಕ್ಷೇಮ. ಮೇಲಿನ ಕೆಲಸಕ್ಕೆ ನೂರಕ್ಕೆ 5 ಸಾಕು. ಉದಾಹರಣೆಗೆ, ಕೈಯಲ್ಲಿ 20 ಲಕ್ಷ ರೂಪಾಯಿಗಳಿರುವ ರೈತನು ಹೀಗೆ ವಿಭಾಗ ಮಾಡಿಕೊಳ್ಳಬಹುದು:

ಅಳತೆ, ಪರೀಕ್ಷೆ, ಅಪ್ಪಣೆ, ದಾರಿ, ನೀರು, ವಿದ್ಯುತ್ತು: ರೂ. 90,000
ನೆಲಗಟ್ಟಿನವರೆಗಿನ ಕೆಲಸ, ತಡೆಗೋಡೆ, ಕಾಲುವೆ: ರೂ. 4,50,000
ಅದಕ್ಕೆ ಮೀಸಲು, ಮೂರನೆಯ ಒಂದು ಭಾಗ: ರೂ. 1,50,000
ನೆಲಗಟ್ಟಿನಿಂದ ಮೇಲಿನ ಕೆಲಸ: ರೂ. 12,00,000
ಅದಕ್ಕೆ ಮೀಸಲು, ನೂರಕ್ಕೆ 5: ರೂ. 60,000
ಮೊದಲನೆಯ ಮಳೆಗಾಲದ ದುರಸ್ತಿ: ರೂ. 50,000
ಒಟ್ಟು: ರೂ. 20,00,000

ಈ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕೆ ಮಾತ್ರ. ದರಗಳನ್ನು ಆಯಾ ಊರಿನಲ್ಲಿ ವಿಚಾರಿಸಿಕೊಳ್ಳಬೇಕು. ಇದರಿಂದ ತಿಳಿಯುವ ಮುಖ್ಯಾಂಶವೇನೆಂದರೆ, 20 ಲಕ್ಷ ಇರುವವನು ಕಣ್ಣಿಗೆ ಕಾಣುವ ಮನೆಗೆಂದು 12 ಲಕ್ಷದ ಯೋಜನೆಯನ್ನು ಮಾತ್ರ ಹಾಕಿಕೊಳ್ಳಬಹುದು.

ಮೀಸಲು ಹಣದ ವಿಷಯದಲ್ಲಿ ಮೂರು ನಿಯಮಗಳನ್ನು ಪಾಲಿಸಬೇಕು. ಮೊದಲನೆಯದು, ಅದು ಬ್ಯಾಂಕಿನಲ್ಲಿಯಾಗಲಿ ಸಹಕಾರ ಸಂಘದಲ್ಲಿಯಾಗಲಿ ಪ್ರತ್ಯೇಕವಾದ ಪಾಸ್‌ಪುಸ್ತಕದಲ್ಲಿರಬೇಕು. ಎರಡನೆಯದು, ನೆಲಗಟ್ಟು ಮುಗಿಯುವವರೆಗೆ ಅದನ್ನು ತೇಗದ ಬಾಗಿಲಿಗಾಗಲಿ ನೆಲದ ಹಾಸುಕಲ್ಲಿಗಾಗಲಿ ಮುಟ್ಟಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ನೆಲಗಟ್ಟು ಮುಗಿದ ದಿನ ಕೆಲಸವನ್ನು ನಿಲ್ಲಿಸಿ, ಅಲ್ಲಿಯವರೆಗಿನ ಲೆಕ್ಕವನ್ನು ಪೂರ್ತಿಯಾಗಿ ಮುಗಿಸಬೇಕು. ಮೀಸಲು ಉಳಿದಿದ್ದರೆ ಮೇಲಿನ ಕೆಲಸಕ್ಕೆ ಸೇರಿಸಬಹುದು. ಮೀಸಲೂ ಮೀರಿ ಖರ್ಚಾಗಿದ್ದರೆ ಆ ದಿನವೇ ಮನೆಯನ್ನು ಚಿಕ್ಕದು ಮಾಡಬೇಕು: ಒಂದು ಕೋಣೆಯನ್ನೋ ಮುಂದಿನ ಜಗಲಿಯನ್ನೋ ಮುಂದಿನ ವರ್ಷಕ್ಕೆ ಬಿಡಬೇಕು. ನೆಲಗಟ್ಟಿನ ಮಟ್ಟದಲ್ಲಿ ಒಂದು ಕೋಣೆಯನ್ನು ಬಿಡುವುದು ಸುಲಭ. ಗೋಡೆ ಎದ್ದ ಮೇಲೆ ಬಿಡುವುದಕ್ಕೆ ಏನೂ ಇರುವುದಿಲ್ಲ, ಸಾಲವೊಂದೇ ದಾರಿ.

ಕೆಲಸಕ್ಕೆ ತಕ್ಕ ಕಾಲ

ದೀಪಾವಳಿ ಕಳೆದು ಸುಗ್ಗಿಯು ಮುಗಿದ ಕೂಡಲೆ ಮಣ್ಣಿನ ಕೆಲಸವನ್ನು ತೊಡಗಿ, ಭರಣಿ ಮಳೆಗೆ ಮುಂಚೆ ನೆಲಗಟ್ಟು, ತಡೆಗೋಡೆ, ಕಾಲುವೆಗಳನ್ನು ಪೂರೈಸಬೇಕು. ಬೇಲೂರಿನ ಕಡೆ ಆರ್ದ್ರೆ, ಪುನರ್ವಸು ಮಳೆಗಳೂ, ಅರಸೀಕೆರೆಯ ಕಡೆ ಹುಬ್ಬೆಯಿಂದ ಹಸ್ತದವರೆಗಿನ ಮಳೆಗಳೂ ಕೆಲಸವನ್ನು ಪರೀಕ್ಷಿಸುತ್ತವೆ. ಅವಕಾಶವಿರುವವರು ತುಂಬಿದ ಮಣ್ಣನ್ನು ಒಂದು ಮಳೆಗಾಲ ನೆನೆಯಲು ಬಿಟ್ಟು, ಕುಸಿದ ಕಡೆ ಮತ್ತೆ ತುಂಬಿ, ಮರುವರ್ಷ ಗೋಡೆಗಳನ್ನು ಎಬ್ಬಿಸಿದರೆ ಉತ್ತಮ. ಆ ನಡುವಣ ವರ್ಷದಲ್ಲಿ ಕೊಬ್ಬರಿಯದೋ ಕಾಫಿಯದೋ ಶುಂಠಿಯದೋ ಒಂದು ಬೆಳೆಯ ಹಣವೂ ಕೈಸೇರುತ್ತದೆ.

ಹೊಯ್ಸಳರ ದೇವಾಲಯಗಳನ್ನು ನೋಡಲು ಹೋದವರು ಗೋಡೆಯ ಶಿಲ್ಪಗಳನ್ನು ಕೊಂಡಾಡಿ ಹಿಂದಿರುಗುತ್ತಾರೆ. ಅವನ್ನೆಲ್ಲ ಹೊತ್ತಿರುವ ಅಗಲವಾದ ಜಗತಿಯನ್ನು ಗಮನಿಸುವವರು ಕಡಿಮೆ. ಇಳಿಜಾರಿನಲ್ಲಿ ಮನೆ ಕಟ್ಟುವ ರೈತರು ಮೊದಲು ಜಗತಿಗೆ ಹಣವನ್ನು ಎಣಿಸಿ, ಉಳಿದುದರಲ್ಲಿ ಮನೆಯನ್ನು ಎಣಿಸಿದರೆ, ಮನೆಯೂ ನಿಲ್ಲುತ್ತದೆ, ತೋಟವೂ ಕೈಯಲ್ಲಿ ಉಳಿಯುತ್ತದೆ.